ಕೋಸು ತಿಂದವರು

ಶವಪೆಟ್ಟಿಗೆಗೆ ಕೊನೆಯ ಮೊಳೆ ಬೀಳುವ ಮೊದಲೇ ತರಕಾರಿ ಮಂಡಿಯ ಅಧ್ಯಕ್ಷರು ಜನರನ್ನು ಸರಿಸಿಕೊಂಡು ಮುಂದೆ ಬಂದರು. ಹಮಾಲರು ಎದ್ದು ದಾರಿ ಬಿಟ್ಟರು. ಮುದುಕಿ ಮಾತ್ರ ಗಂಡನ ತಲೆಯ ಬಳಿಯಿಂದ ಕದಲಲಿಲ್ಲ. ಈ ಮನುಷ್ಯ ಬಾಯಿ ತೆರೆದರೆ ಏನು ಹೇಳುತ್ತಾನೆಂದು ಅವಳಿಗೆ ಗೊತ್ತಿತ್ತು. ಇವತ್ತೂ ಅದೇ ನಡೆದುಬಿಟ್ಟರೆ, ಗಂಡ ಮಾಡಿದ್ದು ಗಂಡನ ಜೊತೆಗೇ ಮಣ್ಣಾಗುತ್ತಿತ್ತು.

ನಲವತ್ತು ವರ್ಷ ಮೂಟೆ ಹೊತ್ತು ಬಲಹೆಗಲು ಇಳಿದುಹೋಗಿದ್ದರಿಂದ ಅವಳ ಗಂಡನಿಗೆ ಓರೆಹೆಗಲಣ್ಣ ಎಂದೇ ಹೆಸರಾಗಿತ್ತು.

*

ರೋಗದ ವರ್ಷ ಊರೆಲ್ಲ ಬಾಗಿಲು ಹಾಕಿಕೊಂಡಾಗ ಮಂಡಿಗೂ ಬೀಗ ಬಿತ್ತು. ಅಧ್ಯಕ್ಷರು ಫೋನ್ ಆರಿಸಿ ಮನೆ ಸೇರಿದರು. ಗೇಟಿನ ಹೊರಗೆ ಎಲೆಕೋಸಿನ ಲಾರಿಗಳು ಸಾಲುಗಟ್ಟಿದವು. ಬೆಳೆದವರು ಮೂರು ದಿನ ಕಾದು, ನಾಲ್ಕನೆಯ ದಿನ ಹಳ್ಳಕ್ಕೆ ಸುರಿಯಲು ಲಾರಿ ತಿರುಗಿಸಿದರು. ಅತ್ತ ಓಣಿಗಳಲ್ಲಿ ಒಲೆಗೆ ಏರಿಸಲು ಏನೂ ಇರಲಿಲ್ಲ.

ಓರೆಹೆಗಲಣ್ಣ ಹೋಗಿ ಮೊದಲ ಲಾರಿಯ ಮುಂದೆ ಕೂತುಬಿಟ್ಟ. ಯಾವ ಮನೆಗೆ ಎಷ್ಟು ಬೇಕು ಅಂತ ಯಾರಿಗೆ ಗೊತ್ತು ಎಂದು ಡ್ರೈವರ್ ರೇಗಿದ.

"ನಂಗೊತ್ತು," ಅಂದ ಅವನು. "ಈ ಊರಲ್ಲಿ ನಾನು ಮೂಟೆ ಇಳಿಸದ ಹೊಸ್ತಿಲಿಲ್ಲ. ಎಲ್ಲೆಲ್ಲಿ ಎಷ್ಟು ಜೊತೆ ಚಪ್ಪಲಿ ಇರ್ತವೆ ಅಂತ ನೋಡಿದೀನಿ. ಬಗ್ಗಿದವನಿಗೆ ಇನ್ನೇನು ಕಾಣುತ್ತೆ?"

ಇಪ್ಪತ್ತಾರು ದಿನ ಹನ್ನೊಂದು ತಳ್ಳುಗಾಡಿ ಓಡಾಡಿದವು. ಅಕ್ಷರ ಬಾರದವನು ಮೂತಿಗೆ ಟವೆಲ್ ಸುತ್ತಿಕೊಂಡು, ಓಣಿ, ಮೆಟ್ಟಿಲು, ಮನೆ ಎಂದು ಗಾಡಿಯವರಿಗೆ ಊರನ್ನೇ ಬಾಯಿಪಾಠ ಒಪ್ಪಿಸಿದ. ಹಳ್ಳಕ್ಕೆ ಒಂದು ಕೋಸೂ ಬೀಳಲಿಲ್ಲ. ಬೆಳೆದವರು ಮತ್ತೆ ಸಸಿ ನೆಟ್ಟರು.

ಆಮೇಲೆ ಪತ್ರಿಕೆಯಲ್ಲಿ ಬಂದದ್ದು ಅಧ್ಯಕ್ಷರ ಫೋಟೊ. ಹೆಂಡತಿ ಉರಿದುಬಿದ್ದಳು. "ನೀವೊಂದು ಮಾತು ಆಡಬಾರ್ದೇನ್ರೀ?"

"ಕೋಸು ತಿಂದವರಿಗೆ ಗೊತ್ತಿರುತ್ತೆ ಬಿಡೇ," ಎಂದು ಅವನು ಮಗ್ಗುಲು ಬದಲಿಸಿದ.

*

ಈಗ ಪೆಟ್ಟಿಗೆಯ ಮುಂದೆ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಆ ಕಷ್ಟಕಾಲದಲ್ಲಿ ತಾವು ಗಾಡಿ ಹೊರಡಿಸಿದಾಗ ಇವನು ತಮ್ಮ ಬಲಗೈಯಂತಿದ್ದ ಎಂದು ಶುರುಮಾಡಿದರು.

ಮುದುಕಿ ತಲೆಯೆತ್ತಿದಳು. ಅವರೆದುರು ಅವಳು ಬಾಯಿ ತೆರೆದದ್ದು ಅದೇ ಮೊದಲು.

"ಅಧ್ಯಕ್ಷರೇ, ಗಿರಣಿ ಹಿಂದಿನ ನೀಲಿ ಬಾಗಿಲ ಮನೆಗೆ ದಿನಾ ಎಷ್ಟು ಕೋಸು ಕಳಿಸ್ತಿದ್ರಿ?"

ಅಧ್ಯಕ್ಷರು ಪಕ್ಕದಲ್ಲಿದ್ದ ಮಂಡಿ ಕಾರ್ಯದರ್ಶಿಯ ಮುಖ ನೋಡಿದರು. ಕಾರ್ಯದರ್ಶಿ ತನ್ನ ಬೂಟು ನೋಡಿಕೊಂಡ.

"ಮೂರು," ಅಂದಳು ಹಿಂದಿನಿಂದ ಒಬ್ಬ ಹೆಂಗಸು. "ಏಳು ಜನ ನಾವು. ಅಣ್ಣ ಒಂದಿನಾನೂ ತಪ್ಪಿಸಲಿಲ್ಲ."

"ನಂಗೊಂದು," ಅಂದ ದರ್ಜಿ. "ಒಬ್ಬನೇ ಇರೋದು, ಅರ್ಧ ಸಾಕು ಅಂದೆ. ಉಳಿದರ್ಧ ಮಾತಾಡ್ಸೋಕೆ ಇಟ್ಕೊ ಅಂದ."

ಯಾರೋ ನಕ್ಕರು. ಆಮೇಲೆ ಜಗಲಿಯಿಂದ, ಗೋಡೆಯಾಚೆಯಿಂದ, ಮಹಡಿಯಿಂದ ಲೆಕ್ಕ ಬರುತ್ತಲೇ ಹೋಯಿತು: ಎರಡು, ನಾಲ್ಕು, ಬಾಣಂತಿ ಇದ್ದಾಳೆ ಅಂತ ಮೇಲೊಂದು. ಅಧ್ಯಕ್ಷರ ಭಾಷಣ ಮುಗಿಯಲೇ ಇಲ್ಲ. ಮುದುಕಿ ಹಮಾಲರಿಗೆ ಸನ್ನೆ ಮಾಡಿದಳು; ಕೊನೆಯ ಮೊಳೆ ಬಿತ್ತು.

ಆರು ಜನ ಬಗ್ಗಿ ಪೆಟ್ಟಿಗೆಗೆ ಕೈ ಕೊಟ್ಟರು. ಕ್ವಿಂಟಲ್ ಮೂಟೆ ಎತ್ತಿ ರೂಢಿಯಾದ ಕೈಗಳು. ಒಳಗಿದ್ದವನು ಎಷ್ಟು ಹಗುರವಾಗಿದ್ದಾನೆಂದು ಒಬ್ಬರೂ ಅಂದಾಜು ಮಾಡಿರಲಿಲ್ಲ. ಒಂದೇ ದಮ್ಮಿಗೆ ಪೆಟ್ಟಿಗೆ ಹೆಗಲು ದಾಟಿ, ತಲೆಗಳನ್ನೂ ದಾಟಿ ಮೇಲೆ ಹೋಯಿತು. ಇಳಿಸಿ ಎಂದು ಯಾರೂ ಹೇಳಲಿಲ್ಲ. ತೋಳು ಚಾಚಿ ಹಾಗೆಯೇ ಎತ್ತಿಹಿಡಿದು ಅವರು ಇಕ್ಕಟ್ಟಿನ ಓಣಿಯಲ್ಲಿ ನಡೆದರು. ಎರಡೂ ಕಡೆಯ ಮಹಡಿ ಕಿಟಕಿಗಳಿಂದ ಕೈಗಳು ಇಳಿದುಬಂದು ಪೆಟ್ಟಿಗೆಯನ್ನು ಮುಟ್ಟುತ್ತಾ ಹೋದವು.