ಅಂಚಿನ ಎರಡು ಗೆರೆ

ಭಾನುವಾರ ಬೆಳಿಗ್ಗೆ ಕಾಫಿ ಆರಿ ತಣ್ಣಗಾದರೂ ಮಾವನವರಿಗೆ ಅದರ ಪರಿವೆಯಿರಲಿಲ್ಲ. ಬಸ್ ಕಂಡಕ್ಟರಾಗಿ ಜೀವಮಾನವೆಲ್ಲ ಚಿಲ್ಲರೆ ಎಣಿಸಿದ ಮನುಷ್ಯ, ನಿವೃತ್ತಿಯಾದ ಮೇಲೂ ನಾಣ್ಯಗಳ ಸಹವಾಸ ಬಿಟ್ಟಿರಲಿಲ್ಲ. ಹಳೆಯ ನಾಣ್ಯ ಸಂಗ್ರಹಿಸುವುದೇ ಈಗ ಅವರ ಕೆಲಸ, ಕಾಲಕ್ಷೇಪ, ಜಂಬ ಎಲ್ಲ. ಹಿಂದಿನ ದಿನ ನಾಣ್ಯದಂಗಡಿಯಿಂದ ತಂದ ಬೆಳ್ಳಿ ನಾಣ್ಯವನ್ನು ಅಂಗೈಯಲ್ಲಿಟ್ಟುಕೊಂಡು ಸೊಸೆಯನ್ನು ಕರೆದರು.

“ನೋಡಮ್ಮ, ನಮ್ಮಜ್ಜನ ಕಾಲದ್ದು. ನಿನ್ನೆ ಅಚ್ಚು ಹಾಕಿದ ಹಾಗಿದೆ. ನನ್ನ ಕೈಗೆ ಖೋಟಾ ಕೊಟ್ಟು ದಕ್ಕಿಸಿಕೊಂಡವರು ಯಾರೂ ಇಲ್ಲ, ತಿಳ್ಕೋ.”

ಸೊಸೆ ಲೋಹಕ್ಕೆ ಲೇಪ ಹಾಕುವ ಪುಟ್ಟ ಕಾರ್ಖಾನೆ ನಡೆಸುತ್ತಿದ್ದಳು. ನಲ್ಲಿ, ತಟ್ಟೆ, ಬಾಗಿಲ ಹಿಡಿಕೆ, ಯಾವುದಾದರೂ ಸರಿ, ಅವಳ ತೊಟ್ಟಿಯಲ್ಲಿ ಮುಳುಗಿ ಎದ್ದರೆ ಮದುಮಗಳೇ. ಅವಳು ನಾಣ್ಯವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅದರ ಮೇಲಿದ್ದ ರಾಜನ ಮುಖದ ಮೂಗು, ಕಿವಿ ಸವೆದುಹೋಗಿದ್ದವು. ಅಷ್ಟು ಕೈ ಬದಲಾಯಿಸಿದ ನಾಣ್ಯವಾದರೆ ಅಕ್ಷರಗಳ ಸಂದಿಯಲ್ಲಿ ಕಪ್ಪು ಕೂತಿರಬೇಕು. ಇಲ್ಲಿ ಸಂದಿಯೂ ಉಬ್ಬಿನಷ್ಟೇ ಥಳಥಳ. ಅಂಚನ್ನು ತಿರುಗಿಸಿದಾಗ ಕೂದಲೆಳೆಯಂಥ ಎರಡು ಮಸುಕು ಗೆರೆ ಕಂಡವು. ತೊಟ್ಟಿಗೆ ಇಳಿಬಿಡಲು ತಂತಿ ಸುತ್ತಿದ ಜಾಗದಲ್ಲಿ ಲೇಪ ಹಿಡಿಯುವುದಿಲ್ಲ. ಹೀಗೆ ಎರಡು ಸುತ್ತು ಸುತ್ತುವುದು ಅವಳದೇ ಅಭ್ಯಾಸ.

ನಾಣ್ಯದಂಗಡಿಯವನು ಲೇಪ ಹಾಕಿಸಲು ಆಗಾಗ ತರುತ್ತಿದ್ದ ಚೀಲದ ನಾಣ್ಯಗಳು ಯಾರ ಮನೆ ಸೇರುತ್ತವೆಂದು ಅವಳು ಕೇಳಿರಲೇ ಇಲ್ಲ. ಹೇಳಿದರೆ ಮಾವನ ಮುಖ ಬಾಡುತ್ತದೆ. ಹೇಳದಿದ್ದರೆ ಸಂಜೆ ಇದನ್ನೇ ಗೆಳೆಯರ ಮುಂದೆ ಮೆರೆಸುತ್ತಾರೆ.

“ಮಾವ, ಒಳಗಿರೋದು ಹಳೇ ನಾಣ್ಯಾನೇ. ಮೇಲಿನ ಹೊಳಪು ಮಾತ್ರ ಹೊಸದು. ಲೇಪ ಹಾಕಿದ್ದು ನಾನೇ.”

ಮಾವ ಕನ್ನಡಕ ಒರೆಸಿ ಮತ್ತೆ ನೋಡಿದರು. “ಅಂದ್ರೆ ಮನೇಲೇ ತಯಾರಾಗಿದ್ದನ್ನ ಅಂಗಡಿಯಿಂದ ಕೊಂಡ್ಕೊಂಡು ಬಂದೆ ಅನ್ನು” ಎಂದು ನಗಲು ಹೋದರು. ನಗು ಅರ್ಧಕ್ಕೇ ನಿಂತಿತು. ಅವರಿಗೆ ನೋವಾಗಿತ್ತು, ಅವಳಿಗೂ.

ಮಧ್ಯಾಹ್ನ ಅವಳು ನೇರವಾಗಿ ನಾಣ್ಯದಂಗಡಿಗೆ ಹೋಗಿ, ಇನ್ನು ನಾಣ್ಯಕ್ಕೆ ಲೇಪ ಹಾಕಿಕೊಡುವುದಿಲ್ಲ ಎಂದಳು.

“ನಲ್ಲಿಗೆ ಹಾಕ್ತೀರಿ, ತಟ್ಟೆಗೆ ಹಾಕ್ತೀರಿ. ನಾಣ್ಯ ಏನಕ್ಕ ತಪ್ಪು ಮಾಡಿದೆ?” ಎಂದ ಅಂಗಡಿಯವನು. “ಮಾಸಿದ್ದನ್ನ ಯಾರೂ ಮೂಸಿ ನೋಡಲ್ಲ. ನನಗೂ ಸಂಸಾರ ಇದೆ.”

“ಲೇಪ ಹಾಕಿದ್ದು ಅಂತ ಹೇಳಿ ಮಾರು. ನಾಳೇನೇ ಹಾಕಿಕೊಡ್ತೀನಿ.”

“ಹೇಳಿದ್ರೆ ಯಾರು ತಗೋತಾರೆ?”

“ಅದಕ್ಕೇ ಹೇಳ್ತಿರೋದು. ಇನ್ಮೇಲೆ ಆ ಚೀಲ ನನ್ನ ಹತ್ರ ತರಬೇಡ.”

ಅವನು ಗೊಣಗುತ್ತಲೇ ಇದ್ದ. ಒಳ್ಳೆಯ ಗಿರಾಕಿ ಕೈತಪ್ಪಿದ ಸಂಕಟ ಅವಳಿಗಿಲ್ಲದೆ ಇರಲಿಲ್ಲ, ಆದರೂ ಮನಸ್ಸು ಹಗುರಾಗಿತ್ತು.

ಸಂಜೆ ನಾಣ್ಯಸಂಗ್ರಾಹಕ ಗೆಳೆಯರು ಸೇರುವ ಗ್ರಂಥಾಲಯದ ಹಿಂದಿನ ಕೋಣೆಗೆ ಮಾವ ಅವಳನ್ನೂ ಕರೆದುಕೊಂಡು ಹೊರಟರು. ಲೇಪ ಗುರುತಿಸುವುದು ಹೇಗೆಂದು ಅವರಿಗೂ ತೋರಿಸಬೇಕಂತೆ.

“ನಿಮ್ಮ ನಾಣ್ಯ ಅಂತ ಹೇಳಲ್ಲ ಮಾವ” ಎಂದಳು ಮೆಲ್ಲಗೆ.

“ಹೇಳಲೇಬೇಕು. ನಾನು ಟೋಪಿ ಹಾಕಿಸ್ಕೊಂಡೆ ಅಂತ ಒಪ್ಕೊಂಡ್ರೆ ತಾನೇ ಉಳಿದವರು ಬಾಯಿ ಬಿಡೋದು?”

ಮೇಜಿನ ಮೇಲೆ ನಾಣ್ಯವಿಟ್ಟು ಮಾವ, “ಮೋಸ ಹೋದವನು ನಾನು” ಎಂದರು. “ಲೇಪ ಹಾಕಿದವಳು ನಾನು” ಎಂದಳು ಸೊಸೆ. ಸಂದಿಯ ಹೊಳಪು, ಅಂಚಿನ ಗೆರೆ ಎಲ್ಲವನ್ನೂ ಬಿಡಿಸಿ ತೋರಿಸಿದಳು. ನಾಣ್ಯ ಕೈಯಿಂದ ಕೈಗೆ ಹೋಯಿತು.

ಆಮೇಲೆ, ತಮ್ಮ ನಾಣ್ಯವನ್ನು ಯಾರಿಗೂ ಮುಟ್ಟಲು ಬಿಡದ ನಿವೃತ್ತ ಮೇಷ್ಟರು ಒಳಜೇಬಿಗೆ ಕೈ ಹಾಕಿದರು. ಬಟ್ಟೆಯ ಪೊಟ್ಟಣ ಬಿಚ್ಚಿ ಅವಳ ಮುಂದೆ ಸರಿಸಿದರು.

“ಇದನ್ನೂ ಒಂದ್ಸಲ ನೋಡಿಬಿಡಮ್ಮ.”

ಮಾವ ಎದ್ದು ತಮ್ಮ ಕುರ್ಚಿಯನ್ನು ಮೇಷ್ಟರ ಪಕ್ಕಕ್ಕೆ ಎಳೆದುಕೊಂಡು ಕೂತರು.