ಮುಗಿದದ್ದು ಎಂಬ ಕಾಲಂ

ಫಿನಾಯಿಲ್ ವಾಸನೆ, ಯಾರೋ ಬೆಳಿಗ್ಗೆಯೇ ಬಂದು ಶೆಡ್ಡಿನ ನೆಲ ತೊಳೆದಿದ್ದಾರೆ, ಆದರೂ ಅಡಿಕೆ ಸುಲಿಯುವ ಯಂತ್ರದ ಕಾಲಿನ ಹತ್ತಿರ, ಸಿಮೆಂಟಿನ ಬಿರುಕಿನೊಳಗೆ ಕಂದು ಗೆರೆಯೊಂದು ಉಳಿದೇ ಇದೆ, ಆನಂದನ ರಕ್ತ, ಒಣಗಿದರೆ ಹಳೇ ಗ್ರೀಸಿನ ಹಾಗೆ ಕಾಣುತ್ತದೆ — ಒಂಬತ್ತೂಕಾಲು, ಗುಂಡಗೆ ನಿಂತಿದ್ದೇವೆ, ಕುರ್ಚಿ ಹಾಕಿದರೆ ಹರಟೆ ಶುರುವಾಗುತ್ತದೆ ಅಂತ ಭದ್ರಾವತಿಯ ಈ ವರ್ಕ್‌ಶಾಪಿಗೆ ನಾನೇ ತಂದ ಪದ್ಧತಿ, ದಿನಾ ಹದಿನೈದು ನಿಮಿಷ ನಿಂತೇ ಮೀಟಿಂಗು, ಒಬ್ಬೊಬ್ಬರಿಗೂ ಮೂರೇ ಪ್ರಶ್ನೆ, ನಿನ್ನೆ ಏನು ಮಾಡಿದ್ರಿ, ಇವತ್ತು ಏನು ಮಾಡ್ತೀರಿ, ಏನು ಅಡ್ಡ ಬಂದಿದೆ. ಏನು ಮಾಡಬೇಕು ಅಂತ ಹೇಳುವವರು ಪ್ರಾಡಕ್ಟ್ ಓನರ್ ವಿಜಯಕುಮಾರ್, ಹೇಗೆ ಮಾಡಬೇಕು ಅಂತ ತೀರ್ಮಾನಿಸುವುದು ಟೀಮು, ಅಡ್ಡ ಬಂದದ್ದನ್ನು ಕಿತ್ತು ಬಿಸಾಕುವವಳು ಸ್ಕ್ರಮ್ ಮಾಸ್ಟರ್ ಸ್ಫೂರ್ತಿ, ಅಂದರೆ ನಾನು, ಥೂ. ಆನಂದನ ಜಾಗ ಖಾಲಿ, ಯಾರೂ ಸರಿದು ತುಂಬಲಿಲ್ಲ, ಅದರ ಈಚೆ ಅವನ ಅಣ್ಣ, ವೆಲ್ಡರ್ ರುದ್ರೇಶ್, ಗೆಣ್ಣುಗಳ ಚರ್ಮ ಸುಲಿದು ಹೋಗಿದೆ, ಆಚೆ ಮಲ್ಲೇಶ್, ಒಂದು ಕಣ್ಣು ಊದಿ ಮುಚ್ಚಿದೆ, ತುಟಿಗೆ ಹೊಲಿಗೆ — ಆ ಗೆಣ್ಣು, ಈ ತುಟಿ, ಎರಡೂ ನನ್ನಿಂದ, ಅದು ವಿಜಯಕುಮಾರ್ ಬಿಟ್ಟರೆ ಇಲ್ಲಿ ಯಾರಿಗೂ ಗೊತ್ತಿಲ್ಲ.

ಬೋರ್ಡ್ ನೋಡಬಾರದು ಅಂದುಕೊಂಡೆ, ನೋಡಿಯೇಬಿಟ್ಟೆ. ಮಾಡಬೇಕಾದದ್ದು, ಮಾಡುತ್ತಿರುವುದು, ಮುಗಿದದ್ದು, ಮೂರು ಕಾಲಂ, ಮೂರನೆಯದರಲ್ಲಿ ಹಳದಿ ಚೀಟಿಗಳ ನಡುವೆ ಒಂದೇ ಒಂದು ಕೆಂಪು, ನನ್ನದೇ ಅಕ್ಷರ, ಕೈ ಒಳಗೆ ಬಂದರೆ ಬ್ಲೇಡ್ ನಿಲ್ಲಿಸುವ ಸೆನ್ಸರ್ ಕೆಲಸ ಮಾಡುತ್ತಿಲ್ಲ. ಸೋಮವಾರ ಆನಂದ ಹೇಳಿದ, ಮಂಗಳವಾರ ಹೇಳಿದ, ಬುಧವಾರವೂ ಹೇಳಿದ, ಮೇಡಂ ಆ ಸೆನ್ಸರ್ ಸತ್ತೋಗಿದೆ, ಬಿಚ್ಚಿ ಬೇರೆ ಹಾಕ್ಬೇಕು, ಎಷ್ಟು ಕೆಲಸ ಆನಂದ, ಅಂದೆ, ಇಲ್ಲಿ ಕೆಲಸದ ಭಾರವನ್ನು ಬೆರಳಲ್ಲಿ ತೋರಿಸಬೇಕು, ಹಗುರದ್ದಕ್ಕೆ ಒಂದು, ಮೈ ಮುರಿಯುವುದಕ್ಕೆ ಐದು, ಅದೂ ನಾನೇ ಕಲಿಸಿದ್ದು, ಅವನು ನಗುತ್ತಾ ಬಲಗೈ ಎತ್ತಿದ, ಮೂರು ಬೆರಳು. ಮೂರು ಬೆರಳಿನ ಕೆಲಸ ಹಿಡಿಯುವುದಿಲ್ಲ, ಎರಡು ವಾರದ ಕೆಲಸದ ಕಂತು, ಸ್ಪ್ರಿಂಟು, ಗುರುವಾರಕ್ಕೆ ಮುಗಿಯುತ್ತದೆ, ಗುರುವಾರ ಮಧ್ಯಾಹ್ನ ಹೊಳೆಹೊನ್ನೂರಿನ ಗಿರಾಕಿಗಳು ಯಂತ್ರ ನೋಡಲು ಬರುತ್ತಾರೆ, ನೋಡಮ್ಮ ಸ್ಫೂರ್ತಿ, ಬಂದವರ ಕಣ್ಣಿಗೆ ಬಾಕಿ ಕೆಲಸ ಒಂದೂ ಕಾಣ್ಬಾರ್ದು, ವಿಜಯಕುಮಾರ್ ಅಷ್ಟೇ ಹೇಳಿ ಕಾರು ಹತ್ತಿದರು, ಎಲ್ಲರೂ ಹೋದ ಮೇಲೆ ನಾನು ಚೀಟಿ ಕಿತ್ತೆ, ಮುಗಿದದ್ದಕ್ಕೆ ಅಂಟಿಸಿದೆ, ಹೆಬ್ಬೆರಳಿನಿಂದ ಒತ್ತಿ ಉಜ್ಜಿದೆ, ಶಿವಮೊಗ್ಗದ ಬಸ್ಸು ಹಿಡಿದೆ, ಗೋಪಾಳದ ಮನೆಯಲ್ಲಿ ಎರಡು ರೊಟ್ಟಿ ಜಾಸ್ತಿಯೇ ತಿಂದೆ, ನಾಚಿಕೆಗೆಟ್ಟವಳು. ನಿನ್ನೆ ಹನ್ನೊಂದಕ್ಕೆ ಟ್ರಯಲ್, ಸಿಪ್ಪೆ ಸಿಕ್ಕಿಕೊಂಡಿತು, ಆನಂದ ಕೈ ಹಾಕಿದ, ಮಲ್ಲೇಶ್ ಪೆಡಲ್ ಒತ್ತಿದ, ಹಸಿ ಕಬ್ಬು ಮುರಿದ ಹಾಗೆ ಸದ್ದು, ಆನಂದ ಕೂಗಲೂ ಇಲ್ಲ, ಕೈ ಮೇಲೆತ್ತಿ ಇದು ಯಾರದ್ದು ಅನ್ನುವಂತೆ ನೋಡುತ್ತಾ ನಿಂತ, ರಕ್ತ ಮೊಣಕೈಯಿಂದ ಕಂಕುಳಿಗೆ ಇಳಿಯಿತು, ನಾನು ಮಂಡಿಯೂರಿ ಸಿಪ್ಪೆ ಕೆದಕಿದೆ, ಸಿಕ್ಕಿದ್ದನ್ನೆಲ್ಲ ಟವೆಲ್ಲಿನಲ್ಲಿ ಸುತ್ತಿ ಐಸಿಟ್ಟು ಶಿವಮೊಗ್ಗದ ಆಸ್ಪತ್ರೆಗೆ ಓಡಿದೆವು, ಡಾಕ್ಟರು ಬಿಚ್ಚಿ ನೋಡಿ, ಜಜ್ಜಿಹೋಗಿದೆ, ಸೇರ್ಸೋಕಾಗಲ್ಲ, ಅಂದರು. ಆಸ್ಪತ್ರೆಯ ಗೇಟಿನ ಹತ್ತಿರ ರುದ್ರೇಶ್ ಮಲ್ಲೇಶನ ಕತ್ತಿನ ಪಟ್ಟಿ ಹಿಡಿದ, ನನ್ನ ತಮ್ಮನ ಕೈ ತಿಂದ್ಯಲ್ಲೋ, ಮುಖಕ್ಕೆ ಗುದ್ದಿದ, ಬಿದ್ದವನ ಹೊಟ್ಟೆಗೆ ಒದ್ದ, ಮತ್ತೆ ಮತ್ತೆ ಒದ್ದ, ಮಲ್ಲೇಶ್ ಏನೋ ಹೇಳಲು ನೋಡುತ್ತಿದ್ದ, ಬಾಯಿ ತುಂಬ ರಕ್ತ, ನಾನು ಐದಡಿ ದೂರದಲ್ಲಿದ್ದೆ, ಚೀಟಿಯ ವಿಷಯ ಬಾಯಿ ಬಿಡಲಿಲ್ಲ.

ಸರದಿ ಬರುತ್ತಿದೆ. ವಿಜಯಕುಮಾರ್ ಮೊದಲು ಗಂಟಲು ಸರಿಮಾಡಿಕೊಂಡರು, ಆದದ್ದು ಆಯ್ತು, ಪಾಪ, ಅವನದ್ದೂ ಅಜಾಗರೂಕತೆ ಇತ್ತು, ಮುಂದಿನ ಸ್ಪ್ರಿಂಟ್ ಪ್ಲ್ಯಾನಿಂಗ್ ಇವತ್ತೇ ಮುಗಿಸಿಬಿಡೋಣ — ಆ ತಲೆಯನ್ನು ಹಿಡಿದು ಬೋರ್ಡಿಗೆ ಜಜ್ಜಬೇಕು, ಹಳದಿ ಚೀಟಿಗಳೆಲ್ಲ ಕೆಂಪಾಗುವ ತನಕ, ಅಲ್ಲ, ಮೊದಲು ನನ್ನ ಕೈಯನ್ನು ಆ ಯಂತ್ರದ ಬಾಯೊಳಗಿಟ್ಟು ಪೆಡಲ್ ತುಳಿಯಬೇಕು, ಚೀಟಿ ಅಂಟಿಸಿದ್ದು ಇದೇ ಕೈ ತಾನೇ. ರುದ್ರೇಶ್, ನಿಮ್ಮದು? ನಿನ್ನೆ ಇವನಿಗೆ ಹೊಡ್ದೆ, ಇವತ್ತೂ ಹೊಡೀತೀನಿ, ಇವನು ಇಲ್ಲಿರೋದೇ ಅಡ್ಡ. ಮಲ್ಲೇಶ್? ಅವನು ನೆಲ ನೋಡುತ್ತಾ, ಹೊಲಿಗೆ ಹಾಕಿದ ತುಟಿಯಲ್ಲಿ ಒಂದೊಂದೇ ಮಾತು, ಹೊಡಿಯಣ್ಣ, ಪೆಡಲ್ ಒತ್ತಿದ್ದು ನಾನೇ, ಸಿಕ್ಕಿದ್ದು ಸಡಿಲ ಆಗ್ಲಿ ಅಂತ ಒತ್ತಿದೆ, ನಿಲ್ಲುತ್ತೆ ಅಂದ್ಕೊಂಡೆ, ನಿನ್ನೆ ಬೆಳಿಗ್ಗೆ ಇಬ್ರೂ ಬೋರ್ಡ್ ನೋಡಿದ್ವಿ, ಮುಗಿದದ್ದು ಅಂತಿತ್ತು, ಮೇಡಂ ಯಾರ ಕೈಲೋ ಸೆನ್ಸರ್ ಹಾಕ್ಸಿದಾರೆ ಮಾರಾಯ, ಬಿಡು ಅಂದ ಆನಂದ, ನಗ್ತಾನೇ ಕೈ ಹಾಕ್ದ.

ಎಲ್ಲರ ಮುಖ ನನ್ನ ಕಡೆ. ವಿಜಯಕುಮಾರ್ ಮೊಬೈಲಿನಲ್ಲಿ ಏನನ್ನೋ ಹುಡುಕುತ್ತಿದ್ದಾರೆ, ಹುಡುಕಲಿ. ರುದ್ರೇಶ್ ಆನಂದನ ಖಾಲಿ ಜಾಗ ದಾಟಿ ಬೋರ್ಡಿನ ತನಕ ಹೋದ, ಸುಲಿದ ಗೆಣ್ಣಿನ ಕೈಯಲ್ಲಿ ಕೆಂಪು ಚೀಟಿ ಕಿತ್ತ, ಓದಿದ, ಇನ್ನೊಮ್ಮೆ ಓದಿದ, ದನಿ ಏರಿಸಲೇ ಇಲ್ಲ, ಹಾಕ್ಸಿದ್ರಾ ಮೇಡಂ? ಹೌದು ಅಂದರೆ ಮಲ್ಲೇಶ್ ಸಾಯುತ್ತಾನೆ, ಇವತ್ತಲ್ಲದಿದ್ದರೆ ನಾಳೆ, ಇದೇ ಗೆಣ್ಣಿನ ಕೆಳಗೆ — ಇಲ್ಲ ರುದ್ರೇಶಣ್ಣ, ಅಂದೆ, ಹಾಕಿಸಲಿಲ್ಲ, ಬರೀ ಚೀಟಿ ಸರಿಸಿದೆ. ಈಗ ಬೀಳುತ್ತದೆ, ಬೀಳಲಿ, ಕಣ್ಣು ಮುಚ್ಚಿದೆ, ಏಟು ಬರಲಿಲ್ಲ, ಫಿನಾಯಿಲ್ ವಾಸನೆ, ಮಲ್ಲೇಶ್ ಅಳುವ ಸದ್ದು, ಕಣ್ಣೊಳಗೆ ಬುಧವಾರ, ಎಷ್ಟು ಕೆಲಸ ಆನಂದ, ಅವನು ನಗುತ್ತಾ ಬಲಗೈ ಎತ್ತುತ್ತಾನೆ, ಮೂರು ಬೆರಳು, ಸಿಪ್ಪೆಯೊಳಗೆ ನಾನು ಹುಡುಕಿ ತೆಗೆದವೇ ಅವು, ಎಷ್ಟು ಕೆಲಸ ಆನಂದ, ಮೂರು ಬೆರಳು, ನೆಟ್ಟಗೆ, ಉಗುರಿನಲ್ಲಿ ಗ್ರೀಸು, ಮೂರು ಬೆರಳು