ಓಡೋ ಹಲ್ಲು, ಜಗ್ಗೋ ಹಲ್ಲು

ನನ್ನ ಗಂಡ ಅನೀಸ ಹಿಮದಲ್ಲಿ ಸತ್ತ. ರಾಣೆಬೆನ್ನೂರಿನಲ್ಲಿ ಹಾಗೆ ಸತ್ತವರು ಬೇರೆ ಯಾರೂ ಇರಲಿಕ್ಕಿಲ್ಲ. ಪೆಟ್ಟಿಗೆ ಮನೆಗೆ ಬಂದಾಗ ಮೈ ತೊಳೆಯಲು ಕೂತವರು, ಪಕ್ಕೆಲುಬು ಒಳಗೆ ಕುಸಿದಿವೆ, ಒತ್ತಬೇಡಿ ಎಂದು ಒಬ್ಬರಿಗೊಬ್ಬರು ಹೇಳಿಕೊಂಡದ್ದು ಗೋಡೆಯಾಚೆಯಿಂದ ನನಗೆ ಕೇಳಿಸಿತು.

ಅವನೂ ಅವನ ತಮ್ಮ ಶಾನವಾಜನೂ ಹಲಗೇರಿ ರಸ್ತೆಯಲ್ಲಿ ಗ್ಯಾರೇಜು ನಡೆಸುತ್ತಿದ್ದರು. ಟ್ರ್ಯಾಕ್ಟರು, ಗೋವಿನಜೋಳ ಒಕ್ಕುವ ಯಂತ್ರ, ಇವೇ ಕೆಲಸ. ಬೀಜದ ವ್ಯಾಪಾರದ ಮನೆಯ ರುದ್ರಮುನಿ ಹಿಮಾಚಲದಲ್ಲಿ ಪ್ರವಾಸಿಗರನ್ನು ಹಿಮದ ಗಾಡಿಗಳ ಮೇಲೆ ತಿರುಗಿಸುವ ಧಂದೆ ಶುರು ಮಾಡಿದ ಮೇಲೆ ಆ ಗಾಡಿಗಳೂ ಬೇಸಿಗೆಯಲ್ಲಿ ಲಾರಿ ಹತ್ತಿ ನಮ್ಮಲ್ಲಿಗೆ ಬರತೊಡಗಿದವು. ಮುಂದೆ ಎರಡು ಜಾರುಪಟ್ಟಿ, ಹಿಂದೆ ಅಗಲವಾದ ರಬ್ಬರಿನ ಪಟ್ಟಾ. ನೆಲಕ್ಕೆ ತಾಗುವ ಗಾಲಿಯೇ ಇಲ್ಲ. ಚಳಿಗಾಲ ಬಂದರೆ ಗಾಡಿಗಳ ಜೊತೆ ಅನೀಸ ಹೋಗುತ್ತಿದ್ದ, ರಿಪೇರಿಗೂ ಓಡಿಸಲಿಕ್ಕೂ.

ಆ ಗಾಡಿಯ ಪಕ್ಕಕ್ಕೆ ಒಂದು ಮುಚ್ಚಿದ ಡಬ್ಬಿ ಇರುತ್ತದೆ. ಒಳಗೆ ಮೇಲೊಂದು, ಕೆಳಗೊಂದು ಹಲ್ಲಿನ ಚಕ್ರ, ನಡುವೆ ಚೈನು. ಮೇಲಿನ ಚಕ್ರ ದೊಡ್ಡದಿದ್ದರೆ ಗಾಡಿ ಜೋರಾಗಿ ಓಡುತ್ತದೆ, ಏರಿನಲ್ಲಿ ಸೋಲುತ್ತದೆ. ಸಣ್ಣದಿದ್ದರೆ ಓಟ ಕಡಿಮೆ, ಏರು ಹತ್ತುತ್ತದೆ. ಗ್ಯಾರೇಜಿನಲ್ಲಿ ಒಂದನ್ನು ಓಡೋ ಹಲ್ಲು, ಇನ್ನೊಂದನ್ನು ಜಗ್ಗೋ ಹಲ್ಲು ಎನ್ನುತ್ತಿದ್ದರು. ರುದ್ರಮುನಿಗೆ ಓಡೋ ಹಲ್ಲೇ ಬೇಕು. ಬಂದವರು ಮೊಬೈಲಿನಲ್ಲಿ ಹಿಡಿಯುವುದು ಓಟವನ್ನೇ.

ಹೊಸ ಹಲ್ಲು ಹಾಕಿದಾಗಲೆಲ್ಲ ಗಾಡಿಯನ್ನು ಗಳಗನಾಥಕ್ಕೆ ಒಯ್ದು, ಹೊಳೆಯ ಮರಳಿನ ದಿಬ್ಬ ಹತ್ತಿಸಿ ನೋಡುವುದು ಇವರ ಪದ್ಧತಿ. ನಮ್ಮಲ್ಲಿ ಹಿಮವಿಲ್ಲ, ಮರಳಿದೆ. ಹೋದ ವರ್ಷ ಓಡೋ ಹಲ್ಲು ಹಾಕಿದ ಗಾಡಿ ಆ ದಿಬ್ಬವನ್ನು ಸರಾಗ ಹತ್ತಿತ್ತು. ಅದನ್ನು ನಂಬಿ ಅನೀಸ ಹೋದ. ಅಲ್ಲಿ ಏರಿನ ನಡುವೆ ನಿಂತ ಗಾಡಿ ಹಿಂದಕ್ಕೆ ಜಾರಿ ಅವನ ಮೇಲೆ ಬಿತ್ತು. ನೋಡಿದವರಿಲ್ಲ. ಹುಡುಕಿಕೊಂಡು ಹೋದವರಿಗೆ ಗಾಡಿಯ ಕೆಳಗೆ ಸಿಕ್ಕ.

ನಾನು ಹಾವೇರಿಯವಳು. ಧಾರವಾಡದಲ್ಲಿ ಫಿಸಿಕ್ಸ್ ಎಂ.ಎಸ್ಸಿ. ಓದಿದ್ದೇನೆ. ಗಂಡ ಸತ್ತವಳು ಹೊರಗೆ ಹೋಗದೆ ಕಳೆಯಬೇಕಾದ ಇದ್ದತ್ತಿನ ತಿಂಗಳುಗಳಲ್ಲಿ ಕೋಣೆಯೊಳಗೆ ಕೂತು, ಇಲ್ಲಿ ಹತ್ತಿದ ಗಾಡಿ ಅಲ್ಲೇಕೆ ನಿಂತಿತು ಎಂಬುದೊಂದನ್ನೇ ಯೋಚಿಸಿದೆ. ಬೇರೇನೂ ತಲೆಗೆ ಬರುತ್ತಿರಲಿಲ್ಲ. ಉತ್ತರ ಸರಳವಾಗಿತ್ತು. ಅಷ್ಟು ಎತ್ತರದಲ್ಲಿ ಗಾಳಿ ತೆಳುವಾಗಿರುತ್ತದೆ, ಮೂರು ಪಾಲಿನಲ್ಲಿ ಒಂದು ಪಾಲು ಇರುವುದೇ ಇಲ್ಲ. ಎಂಜಿನ್ನೂ ಉಸಿರಾಡಬೇಕು. ತುಂಗಭದ್ರೆಯ ಗಾಳಿಯಲ್ಲಿ ನೋಡಿ ಹಿಮಾಲಯಕ್ಕೆ ಕಳಿಸಿದ್ದರು.

ಮತ್ತೆ ಡಿಸೆಂಬರ್ ಬಂದಿತ್ತು. ಅನೀಸನ ಜಾಗಕ್ಕೆ ಶಾನವಾಜ ಹೊರಟಿದ್ದ, ಅದೇ ಹಲ್ಲಿನೊಂದಿಗೆ.

ಹೊರಡುವ ಮುಂಚಿನ ವಾರ ಅವನ ಜೊತೆ ಬ್ಯಾಡಗಿಗೆ ಹೋಗಿದ್ದೆ. ಅತ್ತೆ ವರ್ಷದ ಮೆಣಸಿನಕಾಯಿ ತರಲು ಕಳಿಸಿದ್ದರು. ಪೇಟೆಯಲ್ಲಿ ಹೊಸ ಮಾಲು ಬಂದು ರಾಶಿಗಳು ನಮ್ಮ ಎದೆಮಟ್ಟ ಇದ್ದವು. ಟೆಂಪೊ ಓಡಿಸುವ ಶಂಕ್ರಪ್ಪ ಒಂದು ರಾಶಿಗೆ ಒರಗಿ ನಿಂತಿದ್ದ.

"ಏನಪಾ ಶಾನವಾಜ, ನೀನೂ ಹಿಮಾಚಲದ ಬರ್ಫಿನ್ಯಾಗ ಹೊಂಟಿಯಂತ?"

"ಹೊಂಟೇನಿ."

"ಹುಷಾರಪಾ. ನಿಮ್ಮಣ್ಣ ಅಲ್ಲಿ ಕೈಕಾಲು ನಡುಗಿ ಹ್ಯಾಂಡಲ್ ಬಿಟ್ಟನಂತ. ರುದ್ರಮುನಿ ಹೇಳಾಕತ್ತಿದ್ದ. ನಿನ್ನ ಕೈಯರ ಗಟ್ಟಿ ಅದಾವಿಲ್ಲೋ?"

ಶಾನವಾಜ ಶಂಕ್ರಪ್ಪನ ಕುತ್ತಿಗೆ ಹಿಡಿದು ಮುಖವನ್ನು ರಾಶಿಯೊಳಗೆ ತುರುಕಿದ. ಬೆನ್ನಿನ ಮೇಲೆ ಮೊಣಕಾಲು ಊರಿ ಒತ್ತಿದ. ಬ್ಯಾಡಗಿ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ ಎನ್ನುತ್ತಾರೆ. ಕಣ್ಣಿಗೆ ಆ ಲೆಕ್ಕ ಇಲ್ಲ. ಶಂಕ್ರಪ್ಪನ ಕಾಲುಗಳು ನೆಲ ಕೆರೆಯುತ್ತಿದ್ದವು. ಹಮಾಲರು ನಾಲ್ಕೈದು ಮಂದಿ ಸೇರಿ ಬಿಡಿಸಿದಾಗ ಅವನ ಮುಖ ಪೂರ್ತಿ ಕೆಂಪಾಗಿತ್ತು. ಎಷ್ಟು ರಕ್ತ, ಎಷ್ಟು ಪುಡಿ ಎಂದು ತಿಳಿಯಲಿಲ್ಲ. ಹೆಂಗಸೊಬ್ಬಳು ಅವನ ಕಣ್ಣಿಗೆ ಮಜ್ಜಿಗೆ ಸುರಿದಳು.

ಬರುವಾಗ ದಾರಿಯಲ್ಲಿ ನಾನು ಗಾಳಿಯ ಮಾತು ಹೇಳಿದೆ. ಜಗ್ಗೋ ಹಲ್ಲು ಹಾಕಿಕೊಂಡು ಹೋಗು ಎಂದೆ.

"ಅಣ್ಣ ಅಂಜಿದ ಅಂತ ಊರೆಲ್ಲಾ ಅನ್ನಾಕತ್ತೈತಿ, ಭಾಭಿ. ಈಗ ನಾ ಸಣ್ಣ ಹಲ್ಲು ಹಾಕ್ಕೊಂಡು ಹ್ವಾದ್ರ ಏನಂತಾರ? ಅಂವಂದೂ ಖರೇ ಆತು, ನಂದೂ ಆತು."

"ಹೋದ್ರ ನೀನೂ ಸಾಯ್ತಿ."

"ಸತ್ರ ಅಂಜಿ ಸಾಯೂದಿಲ್ಲ." ಅವನ ಬೆರಳ ಸಂದಿಯಲ್ಲಿ ಇನ್ನೂ ಮೆಣಸಿನಕಾಯಿಯ ಬೀಜಗಳಿದ್ದವು.

ಮರುದಿನ ರುದ್ರಮುನಿ ಗಾಡಿ ನೋಡಲು ಗ್ಯಾರೇಜಿಗೆ ಬಂದ. ಮಾವ ಬುಡನಸಾಬರು ಮೂಲೆಯಲ್ಲಿ ಚೈನು ತೊಳೆಯುತ್ತಿದ್ದರು. ಮಗ ಸತ್ತ ಮೇಲೆ ಅವರು ಮಾತು ಕಡಿಮೆ ಮಾಡಿದ್ದರು. ಅತ್ತೆ ತಾಜಬಿ ಚಹಾ ತಂದಿದ್ದರು. ನಾನು ರುದ್ರಮುನಿಗೆ ಅದನ್ನೇ ಹೇಳಿದೆ.

"ಮೇಡಂ, ನೀವು ಕಾಲೇಜಿನ್ಯಾಗ ಪಾಠ ಹೇಳ್ರಿ," ಎಂದ. "ದಿಬ್ಬಾ ಹತ್ತಿದ್ದನ್ನ ಊರ ಮಂದಿ ನೋಡ್ಯಾರ."

"ಇನ್ನೊಮ್ಮೆ ಹತ್ತಸ್ರಿ. ಎಂಜಿನ್ ಗಾಳಿ ಜಗ್ಗೋ ಬಾಯಿಗೆ ನಾ ಒಂದು ತಗಡು ಬಡೀತೇನಿ. ಅಲ್ಲಿ ಎಷ್ಟು ಗಾಳಿ ಐತೋ ಅಷ್ಟ ಇಲ್ಲೂ ಕೊಡೂಣು. ಹತ್ತಿದ್ರ ಶಾನವಾಜ ಹೋಗಲಿ. ನಿಂತ್ರ ಹಲ್ಲು ಬದಲಿ ಮಾಡೂಣು."

"ನಿಂತು ಹಿಂದಕ್ಕ ಬಂದ್ರ?" ಎಂದು ತಾಜಬಿ ಕೇಳಿದರು.

"ಬರತೈತಿ, ಅಮ್ಮಾ. ಮರಳ ಮ್ಯಾಲೆ ಬರಲಿ."

ಅವರು ಚಹಾದ ತಾಟು ಕೆಳಗಿಟ್ಟು ನನ್ನ ಕಪಾಳಕ್ಕೆ ಹೊಡೆದರು. ಗ್ಯಾರೇಜಿನ ಹಳೆಯ ಕೆಲಸಗಾರ ಮಲ್ಲಿಕಸಾಬ ತಲೆ ತಗ್ಗಿಸಿದ. ಅವನು ಅಗಡಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದವನು, ಮೂರು ಮಕ್ಕಳ ತಂದೆ.

"ಒಬ್ಬಾವನ್ನ ಮಣ್ಣು ಮಾಡಿ ಬಂದೇವಿ," ಎಂದರು ತಾಜಬಿ. "ಇನ್ನೊಬ್ಬಾವನ್ನ ಮ್ಯಾಲಿಟ್ಟು ಲೆಕ್ಕಾ ಬಿಡಸ್ತಿಯೇನ ನೀ?"

ಕೆನ್ನೆ ಉರಿಯಲಿಲ್ಲ. ಆ ದಿನಗಳಲ್ಲಿ ನನಗೆ ಯಾವುದೂ ಉರಿಯುತ್ತಿರಲಿಲ್ಲ. ಶಾನವಾಜ ಮಾತ್ರ, "ತಗಡು ಬಡಿ, ಭಾಭಿ," ಎಂದ. "ಹತ್ತಸ್ತೇನಿ. ಆಮ್ಯಾಲೆ ಯಾರ ಬಾಯಾಗೂ ಮಾತು ಇರಬಾರ್ದು."

ತಗಡು ಕತ್ತರಿಸಿ ಮೂರನೇ ಒಂದು ಪಾಲು ಬಾಯಿ ಮುಚ್ಚುವಂತೆ ನಾನೇ ಸ್ಕ್ರೂ ಬಿಗಿದೆ.

ಗಳಗನಾಥದಲ್ಲಿ ಹೊಳೆ ಇಳಿದಿತ್ತು. ಟ್ರೇಲರಿನಿಂದ ಗಾಡಿ ಇಳಿಸುವ ಹೊತ್ತಿಗೆ ಹೊಲಕ್ಕೆ ಹೋಗುವವರೆಲ್ಲ ಬಂದು ನಿಂತರು. ಮಲ್ಲಿಕಸಾಬ ಪಟ್ಟಾಕ್ಕೆ ಕೊಡಗಟ್ಟಲೆ ನೀರು ಸುರಿದ, ಒಣ ಮರಳಿನಲ್ಲಿ ಅದು ಸುಡುತ್ತದೆ. ಮೊದಲು ತಗಡು ತೆಗೆದು ಹತ್ತಿಸಿದರು. ಗಾಡಿ ಮರಳು ಎರಚುತ್ತ ನೇರ ತುದಿಗೆ ಹೋಯಿತು. ರುದ್ರಮುನಿ ನನ್ನ ಕಡೆ ನೋಡಿ ಕೈ ಬಿಚ್ಚಿ ತೋರಿಸಿದ.

ನಾನು ತಗಡು ಕೂರಿಸಿದೆ.

"ಈಗ ನೀವು ಹತ್ತ್ರಿ," ಎಂದೆ ರುದ್ರಮುನಿಗೆ. "ಗಾಡಿ ನಿಮ್ಮದು. ಅನೀಸ ಅಂಜಿದ ಅಂತ ಹೇಳಾವ್ರೂ ನೀವು."

ಜನ ನಕ್ಕರು. ರುದ್ರಮುನಿ ಹೊಸ ಬೂಟು ನೋಡಿಕೊಂಡು, "ನನಗ್ಯಾಕ್ರಿ, ಡ್ರೈವರ್ ಅದಾನಲ್ಲ," ಎಂದ. ಶಾನವಾಜನಿಗೆ ಆ ಅಂಜಿಕೆ ಕಾಣಬೇಕಿತ್ತು. ಕಾಣಲಿಲ್ಲ. ಅವನು ಆಗಲೇ ಸೀಟಿನ ಮೇಲಿದ್ದ.

"ನಿಂತ್ರ ಬಲಕ್ಕ ಹಾರು," ಎಂದೆ.

"ನಿಲ್ಲೂದಿಲ್ಲ."

ಗಾಡಿ ಅರ್ಧ ದಾಟಿತು. ಎಂಜಿನ್ನಿನ ದನಿ ಕಟ್ಟಿತು, ಕೆಮ್ಮಿತು. ಪಟ್ಟಾ ಮರಳನ್ನು ಕೊರೆದು ಕೂತು ನಿಂತಿತು. ಶಾನವಾಜ ಬಲಕ್ಕೆ ಹಾರಿದ, ನಾನು ಹೇಳಿದ ಹಾಗೇ. ಏನೂ ಆಗಿರಲಿಲ್ಲ ಅವನಿಗೆ. ಹಲ್ಲು ಸೋತಿತ್ತು, ಅವನು ಉಳಿದಿದ್ದ.

ಆಮೇಲೆ ಅವನು ಎದ್ದು ಗಾಡಿಯ ಹಿಂದೆ ಹೋದ.

ನಮ್ಮ ಕಡೆ ಹಾಗೆಯೇ. ಟ್ರ್ಯಾಕ್ಟರು ಹೂತರೂ, ಟೆಂಪೊ ಏರಿನಲ್ಲಿ ನಿಂತರೂ, ದಾರಿಯಲ್ಲಿದ್ದವರೆಲ್ಲ ಬಂದು ಹಿಂದೆ ನಿಂತು ಎದೆ ಕೊಟ್ಟು ನೂಕುತ್ತಾರೆ. ಯಾರೂ ಕರೆಯಬೇಕಾಗಿಲ್ಲ. "ಬರ್ರೋ, ಒಂದೀಟು ಕೈ ಹಚ್ಚರಿ," ಎಂದು ಶಾನವಾಜ ಕೂಗಿದ, ಹೊಲದವರು ಇಬ್ಬರು ಆಗಲೇ ದಿಬ್ಬ ಹತ್ತುತ್ತಿದ್ದರು. ನಾನು ಈ ಲೆಕ್ಕ ಮಾಡಿರಲಿಲ್ಲ. ಗಾಳಿ, ಹಲ್ಲು, ಭಾರ ಎಲ್ಲ ಹಿಡಿದಿದ್ದೆ, ಇದನ್ನು ಹಿಡಿದಿರಲಿಲ್ಲ. ಅನೀಸ ಹೇಗೆ ಸತ್ತ ಎಂದು ಆಗ ನನಗೆ ತಿಳಿಯಿತು.

"ಹಿಂದ ನಿಲ್ಲಬ್ಯಾಡ," ಎಂದೆ. ಎಂಜಿನ್ನಿನ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ.

ಗಾಡಿ ಒಮ್ಮೆ ನಡುಗಿ ಜಾರಿತು. ಹೊಲದವರು ಅತ್ತಿತ್ತ ಬಿದ್ದರು. ಶಾನವಾಜ ಎರಡೂ ಕೈಯಲ್ಲಿ ಅದನ್ನು ತಡೆಯಲು ನೋಡಿದ. ಅವನನ್ನು ಕೆಡವಿ, ತೊಡೆಯ ಮೇಲೆ ಹಾಯ್ದು, ದಿಬ್ಬದ ಬುಡದ ತನಕ ಎಳೆದುಕೊಂಡು ಬಂತು. ಜಾರುವ ಭಾರಕ್ಕೆ ಹಿಮ್ಮುಖವಾಗಿ ತಿರುಗುತ್ತಿದ್ದ ಪಟ್ಟಾ ಅವನ ಪ್ಯಾಂಟನ್ನೂ ಚರ್ಮವನ್ನೂ ಒಟ್ಟಿಗೇ ಸುಲಿಯಿತು. ಮಲ್ಲಿಕಸಾಬ ಓಡಿ ಹೋಗಿ ಚಾವಿ ಕಿತ್ತ. ಎತ್ತಿದಾಗ ಕಾಲು ಮೊಣಕಾಲಿಲ್ಲದ ಕಡೆ ಮಡಚಿತು. ಎಲುಬಿನ ತುದಿ ಹೊರಗೆ ಬಂದು, ಅದಕ್ಕೆ ಮರಳು ಮೆತ್ತಿತ್ತು.

ರುದ್ರಮುನಿ ಹತ್ತಿರ ಬಂದು ಬಗ್ಗಿ ನೋಡಿದ. "ನಾ ಹೇಳಿರಲಿಲ್ಲೇನ್ರಿ," ಎಂದ, "ಈ ಮನಿಯವ್ರಿಗೆ ಗಾಡಿ ಹಿಡಿಯೂ ಧೈರ್ಯ ಇಲ್ಲಂತ."

ನಮ್ಮ ಜೊತೆ ಬಂದಿದ್ದ ಮಾವ ಬುಡನಸಾಬರ ಕೈಯಲ್ಲಿ, ಗಾಡಿಯನ್ನು ಟ್ರೇಲರಿಗೆ ಬಿಗಿದಿದ್ದ ಸರಪಳಿ ಇತ್ತು. ಸರಪಳಿ ಬೀಸಿ ರುದ್ರಮುನಿಯ ಬಾಯಿಗೆ ಹೊಡೆದರು. ಬಿದ್ದವನ ಬೆನ್ನಿಗೆ ಹೊಡೆದರು, ಮೊಣಕೈಗೆ ಹೊಡೆದರು. ತೋಳು ಸೋತಾಗ ನಿಂತು ಉಸಿರು ತೆಗೆದುಕೊಂಡು ಮತ್ತೆ ಹೊಡೆದರು. ಯಾರೂ ಬೇಗ ಬಿಡಿಸಲಿಲ್ಲ. ರುದ್ರಮುನಿ ಮರಳಿನ ಮೇಲೆ ಹಲ್ಲು ಉಗುಳುತ್ತ ಹೊಳೆಯ ಕಡೆ ತೆವಳುತ್ತಿದ್ದ. ನಾನು ದುಪಟ್ಟಾದಿಂದ ಶಾನವಾಜನ ತೊಡೆ ಬಿಗಿದು ಕಟ್ಟುತ್ತಿದ್ದೆ.

ಹಾವೇರಿಯ ಆಸ್ಪತ್ರೆಯಲ್ಲಿ ಕಾಲಿಗೆ ರಾಡು ಹಾಕಿದರು. ತಾಜಬಿ ಮಗನ ಮಂಚದ ಆ ಬದಿ ಕೂತರು, ನಾನು ಈ ಬದಿ. ನನ್ನ ಜೊತೆ ಅವರು ಮಾತಾಡಲಿಲ್ಲ. ಎಚ್ಚರವಾದ ಮೇಲೆ ಶಾನವಾಜ ನನ್ನ ಕಡೆ ಮುಖ ಹೊರಳಿಸಿದ.

"ಅಣ್ಣನೂ ಹಿಂದ ಹೋಗಿದ್ದನೇನು, ಭಾಭಿ?"

"ಹೋಗಿದ್ದ."

"ನೂಕಾಕ?"

"ನೂಕಾಕ. ಅಂಜಿದಾವ ಹಿಂದ ನಿಂತು ನೂಕೂದಿಲ್ಲ. ಬಿಟ್ಟು ಓಡ್ತಾನ."

ಅವನು ಮುಖ ಗೋಡೆಗೆ ತಿರುಗಿಸಿದ. ತಾಜಬಿ ಸೆರಗು ಬಾಯಿಗೆ ಒತ್ತಿಕೊಂಡರು. ಸ್ವಲ್ಪ ಹೊತ್ತಿನ ಮೇಲೆ ಅವರು ನೀರಿನ ಲೋಟ ನನ್ನ ಕಡೆ ಸರಿಸಿದರು.

ಕೇಸು ಆಗಲಿಲ್ಲ. ಎರಡೂ ಕಡೆಯ ಹಿರಿಯರು ಕೂತು ಬಾಯಿ ಮುಚ್ಚಿಸಿದರು. ಗಳಗನಾಥದ ಜನ ತೆಗೆದ ವಿಡಿಯೊ ಊರೆಲ್ಲ ತಿರುಗಿತ್ತು, ಓಡೋ ಹಲ್ಲಿನ ಗಾಡಿಗೆ ಡ್ರೈವರ್ ಸಿಗಲಿಲ್ಲ. ರುದ್ರಮುನಿ ತುಟಿಗೆ ಹೊಲಿಗೆ ಹಾಕಿಸಿಕೊಂಡು ಗ್ಯಾರೇಜಿನ ಬಾಗಿಲ ಹೊರಗೇ ನಿಂತು, ಏನಾದರೂ ಹಾಕಿ, ಗಾಡಿ ಕೊಡಿ ಎಂದ. ಮಲ್ಲಿಕಸಾಬ ಹೋಗುತ್ತೇನೆಂದು ಒಪ್ಪಿಕೊಂಡಿದ್ದ. ನಾನು ಡಬ್ಬಿ ಬಿಚ್ಚಿ ಜಗ್ಗೋ ಹಲ್ಲು ಕೂರಿಸಿದೆ. ಶಾನವಾಜ ಖಾಟಿನ ಮೇಲೆ ಕಾಲು ಚಾಚಿ ಕೂತು ನೋಡುತ್ತಿದ್ದ.

"ಇದು ಓಡೂದಿಲ್ಲ, ಮಲ್ಲಿಕಣ್ಣ," ಎಂದ. "ಮಂದಿ ನಕ್ರ ನಗಲಿ."

"ನಗಲಿ ಬಿಡು. ನನಗೇನ ಮದವಿ ಆಗೂದೈತೇನು?"

"ಏರಿನ್ಯಾಗ ನಿಂತ್ರ ಇಳದು ಬಾಜೂಕ ನಡಿ."

"ಗಾಡಿ?"

"ಹೋಗಲಿ. ಹಿಂದ ಮಾತ್ರ ಹೋಗಬ್ಯಾಡ."

ಮಲ್ಲಿಕಸಾಬ ಗ್ರೀಸು ಮೆತ್ತಿದ ಕೈಗಳನ್ನು ಚಿಂದಿಗೆ ಒರೆಸಿಕೊಂಡು ಅವನ್ನೇ ನೋಡಿದ. "ಆತು ಅಂತೀನಿ," ಎಂದ. "ಆದ್ರ ಗಾಡಿ ನಿಂತದ್ದು ಕಂಡ್ರ ಇವು ಕೇಳ್ತಾವೇನಪಾ? ತಾವಾಗೇ ಹೋಗತಾವ."

ಹೊರಗೆ ಲಾರಿಯವನು ಹಾರ್ನ್ ಹೊಡೆಯುತ್ತಿದ್ದ.

"ಭಾಭಿ," ಎಂದ ಶಾನವಾಜ, "ಇದಕ್ಕಿಂತ ಸಣ್ಣದು ಐತೇನು? ಏರಿನ್ಯಾಗ ನಿಲ್ಲದಂಥಾದ್ದು?"

ಲೇತಿನ ಹಿಂದಿನ ಹಲಗೆಯ ಮೇಲೆ ಒಂದು ಇತ್ತು. ಚೈನಿನ ಕೊಂಡಿ ತೆಗೆದು ಗಿಡ್ಡ ಮಾಡಬೇಕಾಗುತ್ತಿತ್ತು. ಲಾರಿಯವನಿಗೆ ತಡೆಯಲು ಹೇಳಿ ಎಂದು ಮಾವನಿಗೆ ಹೇಳಿ, ನಾನು ಡಬ್ಬಿಯ ಬೋಲ್ಟುಗಳನ್ನು ಮತ್ತೆ ಬಿಚ್ಚತೊಡಗಿದೆ.